ಮರಿಗೆ ಒಂದು ಗಂಟೆ

"ಚಿಕ್ಕ ಫೋನಿಗಿಂತ ದೊಡ್ಡ ಫೋನಿಗೆ ಹೆಚ್ಚು ಸೌಲಭ್ಯ ಕೊಡುವುದು ಸರಿಯೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಅವನು ಫೋನು ತಯಾರಿಸುವ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ. ಯಾವ ಫೋನಿನಲ್ಲಿ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವ ಕುರ್ಚಿ ಅವನದು. ಮಾರನೆಯ ದಿನ ಒಂದು ತೀರ್ಮಾನ ಹೇಳಬೇಕಿತ್ತು. ಅದು ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಅದಕ್ಕೇ ಮಠಕ್ಕೆ ಬಂದಿದ್ದ. ಬರುವಾಗ ಹೊಸದಾಗಿ ಮಾಡಿದ ಎರಡು ಮಾದರಿಗಳನ್ನು ತಂದು ಗುರುಗಳ ಮುಂದೆ ಚಾಪೆಯ ಮೇಲೆ ಇಟ್ಟ. ಒಂದು ಅಂಗೈ ಮೀರುವಷ್ಟು ದೊಡ್ಡದು. ಇನ್ನೊಂದು ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದು. ಚಿಕ್ಕದರ ಬೆನ್ನಿಗೆ ಯಾರೋ ಹಸಿರು ಗಿಳಿಯ ಚಿತ್ರ ಅಂಟಿಸಿದ್ದರು.

ಗುರುಗಳು ಆ ಗಿಳಿಯನ್ನೇ ನೋಡುತ್ತಿದ್ದರು. ಶಿಷ್ಯನಿಗೆ ನಾಚಿಕೆಯಾಯಿತು. "ಮಗಳ ಕೆಲಸ. ಒಂದು ಸಂಜೆ ಮನೆಯಲ್ಲಿಟ್ಟಿದ್ದೆ. ಇದು ನಂದು ಅಂತ ಅಂಟಿಸಿಬಿಟ್ಟಿದ್ದಾಳೆ" ಎಂದು ಹೇಳಿ, ಗಿಳಿ ಕಾಣದಂತೆ ಫೋನನ್ನು ಮಗುಚಿ ಇಟ್ಟ.

"ಈಗ ತೀರ್ಮಾನವಾಗಬೇಕಾದದ್ದು ಏನು?" ಎಂದು ಗುರುಗಳು ಕೇಳಿದರು.

"ಒಂದೇ ಒಂದು ಉಳಿದಿದೆ. ಪಕ್ಕದ ಗುಂಡಿಯನ್ನು ಒತ್ತಿ ಹಿಡಿದರೆ ಸಾಕು, ನಾವು ಎಲ್ಲಿದ್ದೇವೆಂದು ಮನೆಯವರಿಗೆ ತಿಳಿಯುತ್ತದೆ. ದಾರಿ ತಪ್ಪಿದಾಗ, ಅಪಾಯ ಬಂದಾಗ ಒದಗಿಬರುವಂಥದ್ದು. ದೊಡ್ಡದರಲ್ಲಿ ಇಟ್ಟಿದ್ದೇವೆ. ಚಿಕ್ಕದರಲ್ಲೂ ಇಡಬಹುದು. ಆದರೆ ಎಲ್ಲವೂ ಚಿಕ್ಕದರಲ್ಲೇ ಸಿಕ್ಕಿಬಿಟ್ಟರೆ ದೊಡ್ಡದನ್ನು ಯಾರು ಕೊಳ್ಳುತ್ತಾರೆ? ದೊಡ್ಡದಕ್ಕೆ ಏನಾದರೂ ದೊಡ್ಡತನ ಬೇಡವೇ?"

"ಚಿಕ್ಕದಕ್ಕೆ ಏನು ಕೊಟ್ಟಿದ್ದೀರಿ?"

"ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಜಾಹೀರಾತು ಕೊಟ್ಟಿದ್ದೇವೆ."

"ಕೀರ್ತಿ ಕೊಟ್ಟಿರಿ. ಒಳ್ಳೆಯದಾಯಿತು" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಕಂಚುಗಾರನಿದ್ದ. ದನಕರುಗಳ ಕೊರಳಿಗೆ ಕಟ್ಟುವ ಗಂಟೆ ಎರೆಯುವುದು ಅವನ ಕಸುಬು. ಮಳೆಗಾಲ ಮುಗಿದು ಹುಲ್ಲು ಬೆಳೆದ ಮೇಲೆ ಗಂಟೆಗಳನ್ನು ಕತ್ತೆಯ ಮೇಲೆ ಹೇರಿಕೊಂಡು ದನಗಾಹಿಗಳ ಹಟ್ಟಿಗಳಿಗೆ ಹೊರಡುತ್ತಿದ್ದ. ದಾರಿಯುದ್ದಕ್ಕೂ ಗದ್ದಲವಾಗದಿರಲಿ ಎಂದು ಒಂದೊಂದು ಗಂಟೆಯ ಬಾಯಿಗೂ ಹುಲ್ಲು ತುರುಕಿರುತ್ತಿದ್ದ. ಹಟ್ಟಿ ಮುಟ್ಟಿದ ಮೇಲೆ ಹುಲ್ಲು ಕಿತ್ತು ನುಡಿಸಿ ತೋರಿಸುತ್ತಿದ್ದ.

ಆ ಹಟ್ಟಿಗಳಿದ್ದದ್ದು ಕಾವಲಿನಲ್ಲಿ. ಕಾವಲೆಂದರೆ ಕಣ್ಣು ಹಾಯಿಸಿದಷ್ಟು ದೂರ ಹುಲ್ಲು. ಆ ಕಾಲಕ್ಕೆ ಅದು ಆಳೆತ್ತರ ಬೆಳೆದಿರುತ್ತದೆ. ಹುಲ್ಲೊಳಗೆ ಹೊಕ್ಕದ್ದನ್ನು ಕಣ್ಣಿನಿಂದ ಹುಡುಕಲಾಗದು, ಕಿವಿಯಿಂದ ಹುಡುಕಬೇಕು. ಅಲ್ಲಿಯ ಜನ ಗಂಟೆ ಕಟ್ಟುತ್ತಿದ್ದದ್ದು ಚೆಂದಕ್ಕಲ್ಲ, ಜೀವಕ್ಕೆ.

ದೊಡ್ಡ ಗಂಟೆ ಎರೆಯುವುದರಲ್ಲಿ ಕಂಚುಗಾರನನ್ನು ಮೀರಿಸುವವರಿರಲಿಲ್ಲ. ಒಂದೊಂದಕ್ಕೂ ಬೇರೆ ಅಚ್ಚು ಕಟ್ಟುತ್ತಿದ್ದ. ಎರಕ ತಣಿದ ಮೇಲೆ ಅರ ಹಿಡಿದು ಗಂಟೆಯ ಒಳಬಾಯಿಯನ್ನು ಕೆರೆಯುತ್ತಿದ್ದ. ಕೆರೆದು ನುಡಿಸಿ, ನುಡಿಸಿ ಕೆರೆದು, ಅದಕ್ಕೆ ತನ್ನದೇ ಆದ ದನಿ ಬರುವವರೆಗೂ ಬಿಡುತ್ತಿರಲಿಲ್ಲ. ಒಂದರ ದನಿ ಇನ್ನೊಂದಕ್ಕೆ ಇರುತ್ತಿರಲಿಲ್ಲ. ಕೊಳ್ಳುವವನು ಕಣ್ಣು ಮುಚ್ಚಿ ಕೇಳಬೇಕು, ದನಿ ಮನಸ್ಸಿಗೆ ಹಿಡಿಸಿದರೆ ಒಯ್ಯಬೇಕು. ಇದು ಅವನ ಪದ್ಧತಿ. ಕಂಬಳಿ ಹೊದ್ದು ಮಲಗಿದ್ದರೂ ನನ್ನ ಹೋರಿ ಎಲ್ಲಿ ಮೇಯುತ್ತಿದೆ ಎಂದು ಹೇಳಬಲ್ಲೆ ಎಂದು ಹೋರಿಗಳ ಒಡೆಯರು ಮೀಸೆ ತಿರುವುತ್ತಿದ್ದರು. ಅದನ್ನು ಕೇಳಿ ಕಂಚುಗಾರ ಹಿಗ್ಗಿ ಹೀರೇಕಾಯಿಯಾಗುತ್ತಿದ್ದ.

ಚಿಕ್ಕ ಗಂಟೆಗಳ ಮಾತು ಬೇರೆ. ಕರು, ಕುರಿಮರಿ, ಆಡಿನ ಮರಿಗಳಿಗೆ ಕಟ್ಟುವ ಅವನ್ನು ಮರಿಗಂಟೆ ಎನ್ನುತ್ತಿದ್ದರು. ಅವನ್ನು ಒಂದೇ ಅಚ್ಚಿನಲ್ಲಿ, ಗೊಂಚಲು ಗೊಂಚಲಾಗಿ ಎರೆಯುತ್ತಿದ್ದ. ಅರ ಮುಟ್ಟಿಸುತ್ತಲೇ ಇರಲಿಲ್ಲ. ಕಂಚು ಅದೇ, ಕೈಯೂ ಅದೇ, ಆದರೆ ಎಲ್ಲಕ್ಕೂ ಒಂದೇ ದನಿ. ಅವನಿಗೆ ಬಾರದ ವಿದ್ಯೆಯಲ್ಲ ಅದು. ಬರುತ್ತಿತ್ತು, ಕೊಡಲಿಲ್ಲ. ಯಾಕೆಂದು ಕೇಳಿದವರಿಗೆ ಅವನ ಉತ್ತರ ಸಿದ್ಧವಾಗಿತ್ತು.

"ಆಡಿನ ಮರಿಗೂ ಬ್ಯಾರೆ ದನಿ ಕೊಟ್ರೆ ಹೋರಿ ಒಡೆಯ ನನ್ ಹತ್ರ ಯಾಕ್ ಬತ್ತಾನೆ? ದೊಡ್ಡದಕ್ಕೆ ಏನಾರ ದೊಡ್ಡತನ ಬ್ಯಾಡ್ವಾ?"

ಈ ಮಾತಿಗೆ ಶಿಷ್ಯ ಕದಲಿ ಕುಳಿತ. ಗುರುಗಳು ಕಂಡೂ ಕಾಣದವರಂತೆ ಮುಂದುವರಿಸಿದರು.

ಒಂದು ವರ್ಷ ಒಂದು ಹಟ್ಟಿಯಲ್ಲಿ ಅವನು ವ್ಯಾಪಾರ ಮುಗಿಸಿ ಏಳುತ್ತಿದ್ದಾಗ ಒಬ್ಬ ಹೆಂಗಸು ಬಂದಳು. "ಅಣ್ಣಾ, ನಮ್ಮ ಮರಿಗೆ ಒಂದು ಗಂಟೆ ಬೇಕಿತ್ತು" ಎಂದಳು. ಅವನು ಗೊಂಚಲಿನಿಂದ ಒಂದನ್ನು ಕಿತ್ತು ಕೊಟ್ಟ. ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಗೊಂಚಲಿನ ಇನ್ನೊಂದನ್ನು ಅಲ್ಲಾಡಿಸಿದಳು. ಮತ್ತೆ ಮೊದಲಿನದನ್ನು ಅಲ್ಲಾಡಿಸಿದಳು.

"ಎಲ್ಲಾ ಒಂದೇ ತರ ಕೇಳ್ತೈತೆ. ಬ್ಯಾರೆ ದನೀದು ಇಲ್ವಾ?"

"ಮರಿಗೆ ಎಂಥಾ ದನಿ ತಾಯೀ? ಇವತ್ತು ಮರಿ, ನಾಳೆ ದೊಡ್ಡದಾಯ್ತದೆ. ಆಗ ದೊಡ್ಡದು ತಗಳುವಂತೆ."

ಒಳ್ಳೆಯ ಮಾತು ಹೇಳಿದೆನೆಂದು ಅವನೇ ನಕ್ಕ. ಅವಳೂ ನಕ್ಕಳು. ಗಂಟೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು.

ಮರುವರ್ಷ ಕಂಚುಗಾರ ಅದೇ ಹಟ್ಟಿಗೆ ಬಂದ. ನಡುಹಗಲು. ಹುಲ್ಲು ಹಟ್ಟಿಯ ಬೇಲಿಗೇ ಬಂದು ಮುಟ್ಟಿತ್ತು. ಅವನು ಜಾಲಿಯ ನೆರಳಿನಲ್ಲಿ ಕಂಬಳಿ ಹಾಸಿ ಕುಳಿತು ಒಂದು ದೊಡ್ಡ ಗಂಟೆಯನ್ನು ನುಡಿಸುತ್ತಿದ್ದ. ಎದುರಿಗೆ ಹೋರಿಯ ಒಡೆಯನೊಬ್ಬ ಕಣ್ಣು ಮುಚ್ಚಿ ಕುಳಿತು ಕೇಳುತ್ತಿದ್ದ. ಸುತ್ತಲಿದ್ದ ಗಂಡಸರೂ ಉಸಿರೆತ್ತದೆ ಕೇಳುತ್ತಿದ್ದರು. ಕಂಚುಗಾರನೂ ಕಣ್ಣು ಮುಚ್ಚಿದ್ದ. ತನ್ನ ಗಂಟೆಯನ್ನು ತಾನೇ ಕೇಳುವಾಗ ಅವನಿಗೆ ಬೇರೆ ಯಾವುದೂ ಬೇಕಿರಲಿಲ್ಲ.

ಆಗ ಆ ಹೆಂಗಸು ಬಂದಳು. ಸೊಂಟದ ಮೇಲೆ ನೀರಿನ ಕೊಡವಿತ್ತು.

"ಅಣ್ಣಾ, ನಮ್ಮ ಮರಿ ಏನಾರ ಈ ಕಡೀಕೆ ಬಂತಾ?"

ಕಂಚುಗಾರ ಕಣ್ಣು ತೆರೆಯಲಿಲ್ಲ. "ಎಲ್ಲೋ ಮೇಯ್ತಿರ್ತದೆ ಬಿಡು ತಾಯಿ. ಹಸಿವಾದ್ರೆ ತಾನೇ ಬತ್ತದೆ. ಮರಿ ಎಲ್ಲಿಗೆ ಹೋದಾತು?"

ಕೊಡ ನೆಲಕ್ಕೆ ಬಿತ್ತು. ಅವನು ಕಣ್ಣು ತೆರೆದ.

"ನನ್ ಮಗಳು, ಅಣ್ಣಾ" ಎಂದಳು ಆ ಹೆಂಗಸು.

ಹೋದ ವರ್ಷ ತಾನು ಕೊಟ್ಟ ಗಂಟೆ ಯಾವ ಮರಿಗೆ ಹೋಯಿತೆಂದು ಕಂಚುಗಾರನಿಗೆ ಆಗ ತಿಳಿಯಿತು. ಮಗುವನ್ನು ಮರಿ ಎಂದು ಕರೆಯದ ತಾಯಿ ಎಲ್ಲಿದ್ದಾಳೆ? ಅವನ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಆದರೆ ವ್ಯಾಪಾರಕ್ಕೆ ಕುಳಿತಾಗ ಆ ಮಾತಿಗೆ ಅವನ ಕಿವಿಯಲ್ಲಿ ಒಂದೇ ಅರ್ಥವಿತ್ತು.

ತಾಯಿ ಆ ಗಂಟೆಯನ್ನು ಮಗುವಿನ ಉಡಿದಾರಕ್ಕೆ ಕಟ್ಟಿದ್ದಳು. ಮಗು ಹೆಜ್ಜೆ ಕಲಿತದ್ದು ಬೇಸಗೆಯಲ್ಲಿ. ಆಗ ಹುಲ್ಲಿರಲಿಲ್ಲ, ಎಲ್ಲಿ ಹೋದರೂ ಕಣ್ಣಿಗೆ ಕಾಣುತ್ತಿತ್ತು. ಗಂಟೆಯ ಅಗತ್ಯ ಬಿದ್ದಿರಲಿಲ್ಲ. ಈಗ ಮಲಗಿಸಿ ನೀರಿಗೆ ಹೋಗಿ ಬರುವಷ್ಟರಲ್ಲಿ ಗುಡಿಸಲಿನಲ್ಲಿ ಬರಿಯ ಕಂಬಳಿಯಿತ್ತು.

ಹಟ್ಟಿಯ ಹಿಂದೆ ಹುಲ್ಲಿನ ನಡುವೆ ಒಂದು ಹಾಳು ಬಾವಿಯಿತ್ತು. ಅದರ ಕಟ್ಟೆ ಕುಸಿದು ಯಾವ ಕಾಲವೋ ಆಗಿತ್ತು. ಅಂಚಿನವರೆಗೂ ಹುಲ್ಲು ಬೆಳೆದು, ನೆಲ ಎಲ್ಲಿ ಮುಗಿಯುತ್ತದೆ ಎಂದು ದೊಡ್ಡವರಿಗೇ ತಿಳಿಯುತ್ತಿರಲಿಲ್ಲ. ಯಾರೂ ಅದರ ಹೆಸರೆತ್ತಲಿಲ್ಲ. ಎಲ್ಲರೂ ಅದನ್ನೇ ನೆನೆದರು.

ಗಂಡಸರು ಎದ್ದು ಮಗುವಿನ ಹೆಸರು ಹಿಡಿದು ಕೂಗಲು ಶುರುಮಾಡಿದರು. ತಾಯಿ ಅವರ ಬಾಯಿಗೆ ಅಡ್ಡ ಕೈ ಹಿಡಿದಳು.

"ಕೂಗಬ್ಯಾಡಿ, ನಿಮ್ ದಮ್ಮಯ್ಯ. ಕೂಗಿದ್ರೆ ಕಣ್ಣಾಮುಚ್ಚಾಲೆ ಅಂದ್ಕಂಡು ಹುಲ್ಲಾಗೆ ಕೂತ್ಬಿಡ್ತಾಳೆ. ಕೂತ್ರೆ ಗಂಟೆ ನುಡಿಯಾಕಿಲ್ಲ."

ಎಲ್ಲರೂ ಬಾಯಿ ಮುಚ್ಚಿ ಕಿವಿಗೊಟ್ಟರು. ಗಂಟೆ ಕೇಳಿಸಿತು. ಎಡಕ್ಕೆ ಕೇಳಿಸಿತು, ಬಲಕ್ಕೆ ಕೇಳಿಸಿತು, ಬೇಲಿಯ ಹತ್ತಿರ ಕೇಳಿಸಿತು, ದೂರದ ಹುತ್ತದ ಹತ್ತಿರ ಕೇಳಿಸಿತು. ಹಟ್ಟಿಯ ಆಡಿನ ಮರಿಗಳನ್ನೆಲ್ಲ ಮೇಯಲು ಬಿಟ್ಟಿದ್ದರು. ಒಂದೊಂದರ ಕೊರಳಿನಲ್ಲೂ ಅದೇ ಗಂಟೆ. ತಾಯಿ ಒಂದು ಸದ್ದಿನ ಹಿಂದೆ ಓಡಿ ಹುಲ್ಲು ಸರಿಸಿದಳು. ಆಡಿನ ಮರಿ. ಇನ್ನೊಂದರ ಹಿಂದೆ ಓಡಿದಳು. ಕರು. ಅವಳು ಓಡುವ ರಭಸಕ್ಕೆ ಹೆದರಿ ಮರಿಗಳು ಚೆಲ್ಲಾಪಿಲ್ಲಿಯಾದವು, ಸದ್ದು ಇಮ್ಮಡಿಯಾಯಿತು.

ಹೋರಿಗಳೂ ಅಲ್ಲೇ ಮೇಯುತ್ತಿದ್ದವು. ಅವುಗಳ ಗಂಟೆ ನುಡಿದಾಗ ಇದು ಇಂಥವನ ಹೋರಿ, ಇದು ಇಂಥವನದು ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಹೇಳಬೇಕಾಗಿಯೇ ಇರಲಿಲ್ಲ. ಹೋರಿಗಳ ಭುಜವೂ ಕೊಂಬೂ ಹುಲ್ಲಿನ ಮೇಲೆ ಎದ್ದು ಕಾಣುತ್ತಿದ್ದವು. ಕಂಚುಗಾರ ಅದನ್ನು ನೋಡಿದ. ವರ್ಷಗಟ್ಟಲೆ ನೋಡಿದ್ದ, ಅಂದು ಕಂಡ. ಕಾಣುವುದಕ್ಕೆ ತಾನು ದನಿ ಕೊಟ್ಟಿದ್ದೆ, ಕಾಣದ್ದಕ್ಕೆ ಕೊಟ್ಟಿರಲಿಲ್ಲ ಎಂದು ಅವನಿಗೆ ಅನ್ನಿಸಿತು.

"ಗಂಟೆ ಬಾಯಿಗೆ ಹುಲ್ಲು ತುರುಕಿ" ಎಂದ. "ಸಿಕ್ಕ ಮರೀನೆಲ್ಲಾ ಹಿಡಿದು ತುರುಕಿ. ಎಲ್ಲಾ ಸುಮ್ಕಾದ್ರೆ ಉಳಿಯಾದು ಒಂದೇ."

ಅವನು ದಾರಿಯಲ್ಲಿ ದಿನವೂ ಮಾಡುತ್ತಿದ್ದ ಕೆಲಸ ಅದು. ಈಗ ಹಟ್ಟಿಯವರೆಲ್ಲ ಹುಲ್ಲಿಗಿಳಿದರು. ಓಡುವಂತಿಲ್ಲ, ಕೂಗುವಂತಿಲ್ಲ. ಮೆಲ್ಲನೆ ಹೋಗಿ ಮರಿಯನ್ನು ಹಿಡಿಯಬೇಕು, ಗಂಟೆಯ ನಾಲಿಗೆ ಕಟ್ಟಬೇಕು, ಮುಂದಿನದಕ್ಕೆ ಹೋಗಬೇಕು. ಕಂಚುಗಾರನೂ ಮರಿಗಳನ್ನು ಹಿಡಿದು ಹಿಡಿದು ತುರುಕಿದ. ತಾನೇ ಎರೆದ ಗಂಟೆಗಳು ತನ್ನ ಬೆರಳಿನಡಿಯಲ್ಲಿ ಒಂದೊಂದೇ ಸುಮ್ಮನಾಗುತ್ತಿದ್ದವು. ಬೇಲಿಯ ಕಡೆಯ ಸದ್ದು ನಿಂತಿತು. ಜಾಲಿಯ ಕಡೆಯದು ನಿಂತಿತು. ಒಂದು ಸದ್ದು ನಿಂತಾಗಲೆಲ್ಲ ಅದು ಹುಲ್ಲು ತುರುಕಿದ್ದಕ್ಕೆ ನಿಂತಿತೋ, ಬೇರೆ ಕಾರಣಕ್ಕೆ ನಿಂತಿತೋ ಎಂದು ತಾಯಿಯ ಮುಖ ಬಿಳಿಚಿಕೊಳ್ಳುತ್ತಿತ್ತು.

ಕೊನೆಗೆ ಎರಡು ಸದ್ದು ಉಳಿದವು. ಒಂದು ಬಾವಿಯ ಕಡೆಯಿಂದ, ಇನ್ನೊಂದು ಹುತ್ತದ ಕಡೆಯಿಂದ. ಎರಡೂ ಮೆಲ್ಲಗೆ, ತಡೆತಡೆದು ನುಡಿಯುತ್ತಿದ್ದವು.

ಬಾವಿಯ ಕಡೆಗೆ ನಾಲ್ಕು ಹೆಜ್ಜೆ ಇಟ್ಟ ತಾಯಿ ಅಲ್ಲೇ ನಿಂತಳು. ಅಲ್ಲಿರುವುದು ಮಗುವೇ ಆಗಿದ್ದರೆ, ಹಟ್ಟಿಯ ಕಡೆಯಿಂದ ಹೋದ ಕೂಡಲೇ ಅಮ್ಮ ಹಿಡಿಯಲು ಬಂದಳೆಂದು ಕೇಕೆ ಹಾಕಿ ಮುಂದಕ್ಕೆ ಓಡುತ್ತದೆ. ಮುಂದೆ ಬಾವಿ. ಬಳಸಿ ಹೋಗಿ ಬಾವಿಯ ಆಚೆಯಿಂದ ಬರಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಅಲ್ಲಿರುವುದು ಮಗುವಲ್ಲದಿದ್ದರೆ ಆ ಹೊತ್ತು ದಂಡ, ಅಷ್ಟರಲ್ಲಿ ಹುತ್ತದ ಹತ್ತಿರದ್ದು ಎಲ್ಲಿಗೆ ಹೋಗುತ್ತದೋ, ಹುತ್ತದಲ್ಲಿ ಏನಿದೆಯೋ. ಅವಳು ತಿರುಗಿ ಕಂಚುಗಾರನ ತೋಳು ಹಿಡಿದಳು.

"ಮಾಡ್ದೋನು ನೀನು. ಯಾವ್ದು ಹೇಳು."

ಕಂಚುಗಾರ ಕಣ್ಣು ಮುಚ್ಚಿದ. ಕೊಳ್ಳುವವರಿಗೆ ಹೇಳಿಕೊಡುತ್ತಿದ್ದಂತೆಯೇ ಮುಚ್ಚಿದ. ಹೋರಿಯ ಗಂಟೆಯಾಗಿದ್ದರೆ ನಿದ್ದೆಯಲ್ಲೂ ಗುರುತಿಸುತ್ತಿದ್ದ ಕಿವಿ ಅದು. ಬಾವಿಯ ಕಡೆಯದನ್ನು ಕೇಳಿದ. ಹುತ್ತದ ಕಡೆಯದನ್ನು ಕೇಳಿದ. ಕೂದಲೆಳೆಯಷ್ಟಾದರೂ ಬೇರೆಯಿರಲಿ ದೇವರೇ ಎಂದು ಬೇಡಿಕೊಂಡು ಮತ್ತೆ ಕೇಳಿದ. ಒಂದೇ ಅಚ್ಚು, ಒಂದೇ ದನಿ. ಅವನು ಮಾಡಿದ್ದು ಅಷ್ಟು ಅಚ್ಚುಕಟ್ಟಾಗಿತ್ತು.

"ನಂಗೆ ಗೊತ್ತಾಗ್ತಿಲ್ಲ ತಾಯೀ" ಎಂದ.

ಅವಳು ಅವನ ತೋಳು ಬಿಟ್ಟಳು. ಬಾವಿಯನ್ನು ಬಳಸುವ ದಾರಿ ಹಿಡಿದಳು. ಅವನು ಹುತ್ತದ ಕಡೆಗೆ ಹೋದ. ಇದು ಮಗುವೇ ಆಗಿರಲಿ ಎಂದುಕೊಳ್ಳುತ್ತ ಹೋದ. ಹುಲ್ಲು ಸರಿಸಿ ನೋಡಿದ. ಕಪ್ಪು ಆಡಿನ ಮರಿಯೊಂದು ಹುತ್ತಕ್ಕೆ ಮೈ ಉಜ್ಜುತ್ತ ನಿಂತಿತ್ತು. ಅದನ್ನು ಎತ್ತಿ ಎದೆಗವಚಿಕೊಂಡು ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದ.

ಈಗ ಕಾವಲಿನಲ್ಲಿ ಉಳಿದದ್ದು ಒಂದೇ ಸದ್ದು. ಹೋರಿಗಳೂ ಮೇವು ಬಿಟ್ಟು ನಿಂತಂತಿತ್ತು. ಆ ಒಂದು ಸದ್ದು ನುಡಿಯಿತು. ನಿಂತಿತು. ಮತ್ತೆ ನುಡಿಯಿತು. ಆಮೇಲೆ ನಿಂತದ್ದು ನುಡಿಯಲಿಲ್ಲ.

ಅಷ್ಟು ಹೊತ್ತು ಸದ್ದು ನಿಲ್ಲಲಿ ಎಂದು ಹೆಣಗಿದವನು ಈಗ ಸದ್ದಾಗಲಿ ಎಂದು ಉಸಿರು ಬಿಗಿಹಿಡಿದು ನಿಂತ. ಕೈಯಲ್ಲಿದ್ದ ಮರಿಯ ಎದೆ ಹೊಡೆದುಕೊಳ್ಳುವುದು ಅವನಿಗೆ ತಿಳಿಯುತ್ತಿತ್ತು. ಯಾರೂ ಅಲುಗಲಿಲ್ಲ.

ಆಮೇಲೆ ಗಂಟೆ ಒಮ್ಮೆಲೇ ಗಲಗಲನೆ ಬಡಿದುಕೊಂಡಿತು. ಅದರ ಹಿಂದೆಯೇ ಮಗುವಿನ ಅಳು ಕೇಳಿಸಿತು. ಆಟ ಕೆಡಿಸಿದ್ದಕ್ಕೆ ಸಿಟ್ಟಿನಿಂದ ಅಳುವ ಅಳು. ಕಂಚುಗಾರ ನಿಂತಲ್ಲೇ ಕುಸಿದು ಕುಳಿತ. ಗಟ್ಟಿಯಾಗಿ ಅತ್ತ.

ಮಗು ಬಾವಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಒಳಗೆ ಹುಲ್ಲುಕಡ್ಡಿ ಹಾಕುತ್ತಿತ್ತಂತೆ. ಬಿದ್ದ ಕಡ್ಡಿಯನ್ನು ನೋಡಲು ಮುಂದಕ್ಕೆ ಬಾಗಿತ್ತಂತೆ. ತಾಯಿ ಪಕ್ಕದಿಂದ ಕೈ ಹಾಕಿದಾಗ ಸಿಕ್ಕಿದ್ದು ಉಡಿದಾರ. ಗಂಟೆಯ ಸಮೇತ ಹಿಡಿದು ಎಳೆದುಕೊಂಡಳು.

ಸಂಜೆ ಅವಳು ಮಗುವನ್ನು ಎತ್ತಿಕೊಂಡೇ ಬಂದು, ಗಂಟೆಯನ್ನು ಬಿಚ್ಚಿ ಕಂಚುಗಾರನ ಕಂಬಳಿಯ ಮೇಲೆ ಇಟ್ಟಳು. ಅವನಿಗೆ ತಲೆಯೆತ್ತಲು ಆಗಲಿಲ್ಲ.

"ಮಗೀಗೆ ಅಂತ ಒಂದು ಮಾತು ಹೇಳಿದ್ರೆ..." ಎಂದ.

"ಹೇಳಿದ್ನಲ್ಲ ಅಣ್ಣಾ. ಮರಿಗೆ ಅಂದಿದ್ದೆ. ಯಾವ ಮರಿ ಅಂತ ನೀನು ಕೇಳ್ನಿಲ್ಲ."

ಕಂಚುಗಾರ ಅರ ತೆಗೆದುಕೊಂಡ. ಆ ಪುಟ್ಟ ಗಂಟೆಯ ಒಳಬಾಯಿಯನ್ನು ಕೆರೆಯಲು ಕುಳಿತ. ಚಿಕ್ಕದರಲ್ಲಿ ಅರ ಆಡಿಸಲು ಜಾಗವಿಲ್ಲ, ಒಂದು ಎಳೆ ಹೆಚ್ಚಾದರೆ ಗಂಟೆ ಸೀಳುತ್ತದೆ. ಹೋರಿಯ ಗಂಟೆಗೆ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ದನಿ ಬೇರೆಯಾದಾಗ ತಾಯಿ ಕಣ್ಣು ಮುಚ್ಚಿ ಕೇಳಿ ತಲೆಯಾಡಿಸಿದಳು. ಅವಳು ಹೋದ ಮೇಲೆ ಕಂಚುಗಾರ ಗೊಂಚಲಿನ ಮುಂದಿನ ಗಂಟೆಯನ್ನು ಕಿತ್ತುಕೊಂಡ.

ಇದನ್ನು ನೋಡಿ ಹೋರಿಯ ಒಡೆಯನಿಗೆ ಕಸಿವಿಸಿಯಾಯಿತು. "ಎಲ್ಲಕ್ಕೂ ದನಿ ಕೊಟ್ಕಂತ ಕುಂತ್ರೆ ನಮ್ಮ ಗಂಟೇಲಿ ಏನು ಉಳೀತು?" ಎಂದ.

"ನಿಮ್ದು ದೊಡ್ಡದೈತಲ್ಲ ಗೌಡ್ರೇ. ಅದು ಸಾಲ್ದಾ?" ಎಂದು ಕಂಚುಗಾರ ಅರ ಆಡಿಸತೊಡಗಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ದೊಡ್ಡ ಫೋನಿನ ಮೇಲಿತ್ತು. ಅವನಿಗೆ ಕತೆ ತಟ್ಟಿತ್ತು, ಆದರೆ ಬೆಳಗಾದರೆ ಕುಳಿತುಕೊಳ್ಳಬೇಕಾದ ಕುರ್ಚಿಯೂ ನೆನಪಿತ್ತು.

"ಎಲ್ಲವೂ ಚಿಕ್ಕದರಲ್ಲಿ ಹಿಡಿಸುವುದಿಲ್ಲ, ಗುರುಗಳೇ. ದೊಡ್ಡ ಪರದೆ ಹಿಡಿಸುವುದಿಲ್ಲ, ದೊಡ್ಡ ಬ್ಯಾಟರಿ ಹಿಡಿಸುವುದಿಲ್ಲ."

"ಮರಿಗಂಟೆ ಹರಿದಾರಿ ದೂರ ಕೇಳಿಸುವುದಿಲ್ಲ. ಅದಕ್ಕೆ ಯಾರೂ ಕಂಚುಗಾರನನ್ನು ದೂರಲಿಲ್ಲ. ಹಿಡಿಸದ್ದು ಬೇರೆ, ಕೊಡದ್ದು ಬೇರೆ."

"ಈ ಒಂದು ಗುಂಡಿ ಹಿಡಿಸುತ್ತದೆ, ನಿಜ" ಎಂದು ಶಿಷ್ಯ ಒಪ್ಪಿಕೊಂಡ. "ಆದರೆ ಅಂಥ ಭಯವಿರುವವರು ದೊಡ್ಡದನ್ನೇ ಕೊಳ್ಳಲಿ ಎಂಬುದು ನಮ್ಮ ಅಂದಾಜು. ಚಿಕ್ಕದನ್ನು ಹಿಡಿಯುವವರಿಗೆ ಅದು ಅಷ್ಟಾಗಿ ಬೇಕಾಗುವುದಿಲ್ಲ."

ಗುರುಗಳು ಕೈಚಾಚಿ ಚಾಪೆಯ ಮೇಲಿದ್ದ ಚಿಕ್ಕ ಫೋನನ್ನು ತಿರುಗಿಸಿ ಅವನ ಮುಂದೆ ಸರಿಸಿದರು.

"ನಿನ್ನ ಮರಿ ಯಾವುದಕ್ಕೆ ಗಿಳಿ ಅಂಟಿಸಿದ್ದಾಳೆ?"